ಮಾಮಿ ಎರಡು ಸಲ ಕೊಟ್ಟ ಸೀರೆ

ಕೊಟ್ಟ ಸೀರೆಯನ್ನು ಕೊಟ್ಟವರ ಕಣ್ಣೆದುರೇ ಉಡಬೇಕು. ನಮ್ಮ ಕುಟುಂಬದ ಕಾನೂನು ಇದು. ಕಾಟಿಪಳ್ಳದಲ್ಲಿ ಸೋದರಮಾವ ಗಲ್ಫಿನ ದುಡ್ಡಿನಲ್ಲಿ ಕಟ್ಟಿಸಿದ ಮನೆಯ ಹಿಂದಿನ ಎರಡು ಕೋಣೆಗಳಲ್ಲಿ ಅಮ್ಮ ಮತ್ತು ನಾನು ಇದ್ದೆವು. ಅಪ್ಪನೆಂಬ ಮನುಷ್ಯ ಬಹಳ ಹಿಂದೆಯೇ ನಮ್ಮನ್ನು ಬಿಟ್ಟುಹೋಗಿದ್ದ. ಮಾವನ ಹೆಂಡತಿ, ಅಂದರೆ ನಮ್ಮ ಮಾಮಿ, ಉಟ್ಟು ಬೇಸರ ಬಂದ ಸೀರೆಗಳೆಲ್ಲ ಅಮ್ಮನಿಗೆ. ಅಮ್ಮ ಅದನ್ನುಟ್ಟು ಯಾವ ಮದುವೆಗೆ ಬಂದರೂ ಮಾಮಿ ಸೆರಗು ಎತ್ತಿ ಹಿಡಿದು ಪಕ್ಕದವರಿಗೆ ತೋರಿಸುತ್ತಿದ್ದರು. "ಇದು ನನ್ನದೇ. ಅಕ್ಕನಿಗೆ ಎಷ್ಟು ಚಂದ ಕಾಣ್ತದೆ ನೋಡಿ." ಅಮ್ಮ ನಗುತ್ತಿದ್ದಳು. ನನಗೆ ಮೈಯೆಲ್ಲ ಉರಿಯುತ್ತಿತ್ತು.

ನರ್ಸ್ ಕೆಲಸ ಸಿಕ್ಕಿ ಮದುವೆಯೂ ನಿಶ್ಚಯವಾದಾಗ ಒಂದೇ ಹಟ ಹಿಡಿದೆ: ನನ್ನ ಧಾರೆಯ ಹೊತ್ತಿಗೆ ಅಮ್ಮ ತನ್ನದೇ ಸೀರೆಯಲ್ಲಿ ನಿಲ್ಲಬೇಕು. ಹಸಿರು ರೇಷ್ಮೆ ತಂದುಕೊಟ್ಟೆ. ಅಮ್ಮ ಅದನ್ನು ಮಡಿಲಲ್ಲಿಟ್ಟುಕೊಂಡು ಕೂತೇ ಬಿಟ್ಟಳು. "ಮಾರಾಯ್ತಿ, ಇದರ ಮಡಿಕೆ ಮೊದಲು ಬಿಚ್ಚುವವಳು ನಾನೇ ಅಲ್ವಾ?"

ಮಾಮಿ ಕೊಟ್ಟಿದ್ದ ಸೀರೆಗಳನ್ನೆಲ್ಲ ಒಗೆದು, ಇಸ್ತ್ರಿ ಹಾಕಿ, ಅತ್ತಾವರದ ಹಳೆ ಬಟ್ಟೆ ಅಂಗಡಿಗೆ ಕೊಟ್ಟುಬಂದೆ. ಆಸ್ಪತ್ರೆಗೆ ಬರುವ ಬಡವರಿಗೆ ಅಗ್ಗಕ್ಕೆ ಮಾರಲೆಂದು ಕೆಲವು ಹೆಂಗಸರು ಸೇರಿ ನಡೆಸುವ ಅಂಗಡಿ ಅದು. ಜನ ಅಲ್ಲಿ ಹರಕು ಬನಿಯನ್, ಒಂಟಿ ಚಪ್ಪಲಿ ಸುರಿದು ಪುಣ್ಯ ಕಟ್ಟಿಕೊಂಡು ಹೋಗುತ್ತಾರೆ. ನನ್ನ ಚೀಲ ಬಿಚ್ಚಿದ ಹೆಂಗಸಿಗೆ ಖುಷಿಯಾಯಿತು. "ಉಡುವ ಹಾಗೆ ಇರುವುದನ್ನೇ ಕೊಟ್ಟಿದ್ದೀರಿ. ಇನ್ನು ಮರೆತುಬಿಡಿ, ಆಯ್ತಾ? ಯಾರ ಮೈಮೇಲೆ ಕಂಡರೂ ನನ್ನದು ಅನ್ನಬಾರದು."

ಮರೆಯಲು ನನಗೇನು ಕಷ್ಟ!

ಮಾಮಿಗೆ ಅಗ್ಗದ ಹುಚ್ಚು ಇದ್ದದ್ದು ಗೊತ್ತಿತ್ತು. ಬಾಗಿಲು ಮುಚ್ಚಲಾರದಷ್ಟು ಕಪಾಟು ತುಂಬಿದ್ದರೂ ಕಾರಿನಲ್ಲಿ ಹೋಗಿ ಬಡವರಿಗೆಂದು ಇಟ್ಟ ರಾಶಿಯನ್ನೂ ಕೆದಕುತ್ತಾರೆಂದು ಗೊತ್ತಿರಲಿಲ್ಲ. ಥೂ!

ಮದುವೆಯ ದಿನ ಅಮ್ಮ ಹಸಿರು ಸೀರೆಯುಟ್ಟು ಮಂಟಪದಲ್ಲಿ ನಿಂತಿದ್ದಳು. ಅಪ್ಪನ ಜಾಗದಲ್ಲಿ ಧಾರೆ ಎರೆಯಬೇಕಾದ ಮಾವ ಗಿಂಡಿ ಹಿಡಿದಿದ್ದರು. ಆಗ ಮಾಮಿ ಮುಂದೆ ಬಂದು ಚೀಲದಿಂದ ಒಂದು ನೇರಳೆ ಸೀರೆ ಎಳೆದರು. ಸೆರಗಿನಲ್ಲಿ ಊದುಬತ್ತಿ ತಾಗಿ ಸುಟ್ಟ ತೂತು. ಅವರದೇ ಸೀರೆ, ನಾನು ಕೊಟ್ಟುಬಂದದ್ದು.

"ಅಕ್ಕ, ನಿಮ್ಮ ಸೀರೆ ಅತ್ತಾವರದಲ್ಲಿ ಮಾರಾಟಕ್ಕೆ ಉಂಟು ಮಾರ್ರೆ! ಕಳ್ಳರು ಕದ್ದದ್ದಾ ಅಂತ ಹೆದರಿ ನಾನೇ ತಂದೆ."

ಗಂಡಿನ ಕಡೆಯವರು ಮಾತು ನಿಲ್ಲಿಸಿ ನೋಡಿದರು.

"ಕೊಟ್ಟದ್ದು ನಾನು, ಅಮ್ಮ ಅಲ್ಲ," ಎಂದೆ. ಮದುಮಗಳ ಮಾತು ಯಾರಿಗೆ ಬೇಕು?

"ನಾವು ಕೊಟ್ಟದ್ದು ನಿಮಗೆ ಬೇಡ ಅಂತಾದರೆ," ಮಾಮಿ ಅಮ್ಮನಿಗೇ ಹೇಳಿದರು, ನಗುತ್ತಲೇ, "ಧಾರೆಗೆ ಮಾತ್ರ ನಾವು ಎಂತಕ್ಕೆ?"

ಮಾವ ಗಿಂಡಿಯನ್ನು ಕೆಳಗಿಟ್ಟರು.

ಅಮ್ಮ ನೇರಳೆ ಸೀರೆಯನ್ನು ತೆಗೆದುಕೊಂಡು ಒಳಗೆ ಹೋದಳು. ಮುಹೂರ್ತ ಮೀರುತ್ತದೆಂದು ಭಟ್ಟರು ಗೊಣಗಿದರು. ಹಸಿರು ರವಿಕೆಯ ಮೇಲೆ ಅದನ್ನೇ ಸುತ್ತಿಕೊಂಡು ಅಮ್ಮ ಹಿಂತಿರುಗಿದಾಗ ಮಾಮಿ ಸೆರಗನ್ನು ಎಳೆದು ಸರಿಮಾಡಿ, "ಈಗ ಚಂದ ಆಯ್ತು," ಎಂದರು. ಮಾವ ಗಿಂಡಿ ಎತ್ತಿಕೊಂಡರು. ನನ್ನ ಕೈಮೇಲೆ ನೀರು ಬಿತ್ತು. ಆ ಗಿಂಡಿಯನ್ನು ಕಿತ್ತು ಅವರ ಮೋರೆಗೆ ಎಸೆಯಬೇಕೆನಿಸಿತ್ತು.

ಗಂಡನ ಮನೆಗೆ ಹೊರಡುವಾಗ ಅಮ್ಮ ಹಸಿರು ಸೀರೆಯನ್ನು ಮಡಚಿ ನನ್ನ ಕೈಗಿಟ್ಟಳು.

"ಇದನ್ನು ಆ ಅಂಗಡಿಗೆ ಕೊಟ್ಟುಬಿಡು ಮಗಾ. ಅಗ್ಗಕ್ಕೆ ಸಿಕ್ಕಿದ್ರೆ ಮಾಮಿ ಬಿಡ್ಲಿಕ್ಕಿಲ್ಲ. ಒಂದೆರಡು ಸಲ ಉಟ್ಟು ನನಗೇ ಕೊಡ್ತಾಳೆ. ಆಗ ಉಡ್ತೇನೆ."