ಭಾವನ ಕಾರಿನ ಎಂಜಿನ್ ಇಳಿಸಿದ್ದು

ದೊಡ್ಡಾಸ್ಪತ್ರೆಯ ಲಿಫ್ಟ್ ನಡೆಸುತ್ತಿದ್ದವನನ್ನು ಡಾಕ್ಟರುಗಳಿಂದ ಹಿಡಿದು ಹಾಲಿನವನವರೆಗೆ ಎಲ್ಲರೂ ಲಿಫ್ಟಪ್ಪ ಎಂದೇ ಕರೆಯುತ್ತಿದ್ದರು. ಸಿಟ್ಟು ಬಂದಾಗ ಹೆಂಡತಿಯೂ ಹಾಗೆ ಕರೆದದ್ದುಂಟು. ಜಾಲರಿ ಬಾಗಿಲು ಎಳೆಯುವುದು, ಮೇಲಕ್ಕೋ ಕೆಳಕ್ಕೋ ಎಂದು ಕೇಳುವುದು, ಹಿಡಿ ತಿರುಗಿಸಿ ಮರದ ಸ್ಟೂಲಿನ ಮೇಲೆ ಕೂರುವುದು, ಇಷ್ಟೇ ಅವನ ಕೆಲಸ. ಹೆರಿಗೆಗೆ ಬಂದವರನ್ನೂ ಬಿಳಿ ಬಟ್ಟೆ ಹೊದಿಸಿದವರನ್ನೂ ಒಂದೇ ನಿಧಾನದಲ್ಲಿ ಸಾಗಿಸಿದ್ದ. ಲಿಫ್ಟ್ ನಡುವೆ ಕೆಟ್ಟು ನಿಂತರೆ ಮಾತ್ರ ಕೈಕಾಲೇ ಆಡುತ್ತಿರಲಿಲ್ಲ. ಒಳಗಿದ್ದವರಿಗೆ "ಈಗ ಬರ್ತಾರೆ, ಈಗ ಬರ್ತಾರೆ" ಎನ್ನುತ್ತ ಮೆಕ್ಯಾನಿಕ್ಕಿನ ದಾರಿ ನೋಡುತ್ತಿದ್ದ. ಯಂತ್ರದ ಹೊಟ್ಟೆಯೊಳಗೆ ಏನಿದೆ ಎಂಬುದು ಅವನಿಗೆ ಗೊತ್ತಿರಲಿಲ್ಲ, ಗೊತ್ತಿದೆ ಎಂದು ಹೇಳಿಕೊಂಡವನೂ ಅಲ್ಲ.

ಗೊತ್ತಿದ್ದವನು ಅವನ ಭಾವ, ಹೆಂಡತಿಯ ಅಣ್ಣ. ಗ್ಯಾರೇಜಿನ ಕೆಲಸದಲ್ಲಿ ಮದುವೆಯಾಗುವುದನ್ನೇ ಮರೆತವನು ಎಂದು ತಂಗಿ ನಗುತ್ತಿದ್ದಳು. ಅವಳ ಮನೆಯಲ್ಲೇ ಇದ್ದ. ಮನೆಯ ಪಕ್ಕದ ತಗಡಿನ ಶೆಡ್ಡಿನಲ್ಲಿ ಅವನ ಹಳೇ ಕಾರು ನಿಂತಿರುತ್ತಿತ್ತು. ಕಪ್ಪು ಬಣ್ಣ, ಆಮೆಯಂಥ ದುಂಡು ಬೆನ್ನು, ಒಳಗೆ ಚರ್ಮದ ಸೀಟಿನ ವಾಸನೆ. ಅಂಥ ಕಾರು ತಯಾರಿಸುವುದನ್ನು ಕಂಪನಿ ಎಂದೋ ನಿಲ್ಲಿಸಿತ್ತು. ಭಾನುವಾರ ಸಂಜೆ ಭಾವ ಇಬ್ಬರನ್ನೂ ಕೂರಿಸಿಕೊಂಡು ಊರ ಹೊರಗಿನ ರಸ್ತೆಯಲ್ಲಿ ಒಂದು ಸುತ್ತು ಹಾಕಿಸುತ್ತಿದ್ದ. ಲಿಫ್ಟಪ್ಪ ಮುಂದಿನ ಸೀಟಿನಲ್ಲಿ ತೊಡೆ ಮೇಲೆ ಕೈಯಿಟ್ಟು, ತಾನೇ ಯಾರಿಗೋ ಹೊರೆಯಾದವನ ಹಾಗೆ ಸಂಕೋಚದಿಂದ ಕೂರುತ್ತಿದ್ದ.

ಒಂದು ದಿನ ಎಂಜಿನ್ನಿನೊಳಗೆ ಏನೋ ಬಡಿಯುವ ಸದ್ದು ಶುರುವಾಯಿತು. ಗೇರೂ ಕಚ್ಚುತ್ತಿರಲಿಲ್ಲ. ಭಾವ ಎಂಜಿನ್ನು, ಗೇರ್‌ಬಾಕ್ಸು ಎರಡನ್ನೂ ಒಟ್ಟಿಗೆ ಇಳಿಸುತ್ತೇನೆ ಎಂದ. ಗ್ಯಾರೇಜಿನವರ ಬಾಯಲ್ಲಿ ಅದು ಇಳಿಸುವುದು, ನಿಜವಾಗಿ ಮಾಡುವುದು ಮೇಲಕ್ಕೆ ಎತ್ತುವುದು. ಬಾನೆಟ್ ಕಳಚಿ ಗೋಡೆಗೆ ಒರಗಿಸಿ, ನೀರು ಎಣ್ಣೆ ಬಸಿದು, ರೇಡಿಯೇಟರ್ ತೆಗೆದಿಟ್ಟ. ಊಟಕ್ಕೆ ಕರೆಯಲು ಹೋದ ತಂಗಿಗೆ ಕಂಡದ್ದು, ಸ್ಪ್ಯಾನರನ್ನು ಎದೆಗೊತ್ತಿಕೊಂಡು ಚಕ್ರಕ್ಕೆ ಒರಗಿ ಬಿದ್ದಿದ್ದ ಅಣ್ಣ.

ಲಿಫ್ಟಪ್ಪನೇ ಅವನನ್ನು ಸ್ಟ್ರೆಚರಿನ ಮೇಲೆ ಮೂರನೇ ಅಂತಸ್ತಿಗೆ ಒಯ್ದ. ಜೀವ ಉಳಿಯಿತು. ಬಲಗೈ, ಬಲಗಾಲು ಸತ್ತವು. ಮಾತುಗಳಲ್ಲಿ ಒಂದೇ ಒಂದು ಉಳಿಯಿತು. ನೀರು ಬೇಕೆಂದರೂ "ಹೌದು", ಬೇಡವೆಂದರೂ "ಹೌದು", ನೋವಾದರೂ "ಹೌದು ಹೌದು". ತಾನು ಬೇರೇನೋ ಹೇಳಹೊರಟಿದ್ದು ಬಾಯಿಂದ ಇದೇ ಬಂತಲ್ಲ ಎಂದು ಅವನ ಮುಖ ಬೆರಗಿನಿಂದ ನಿಲ್ಲುತ್ತಿತ್ತು. ಕೈಸನ್ನೆ ಮಾಡಿ ತೋರಿಸು ಎಂದರೆ ಎಡಗೈ ಗಾಳಿಯಲ್ಲಿ ತಡವರಿಸಿ ಮಡಿಲಿಗೆ ಬೀಳುತ್ತಿತ್ತು. ತಾನಾಗಿ ಬಂದದ್ದು ಬರುತ್ತದೆ, ಕೇಳಿದರೆ ಬರುವುದಿಲ್ಲ ಎಂದು ಡಾಕ್ಟರು ಹೇಳಿ ಕಳಿಸಿದರು.

ಮನೆಗೆ ಬಂದ ಮೇಲೆ ಭಾವ ದಿನಾ ಬೆಳಿಗ್ಗೆ ಕೋಲೂರಿ ಶೆಡ್ಡಿನ ಬಾಗಿಲಿಗೆ ಹೋಗುತ್ತಿದ್ದ. ಅಲ್ಲಿದ್ದ ಕುರ್ಚಿಯಲ್ಲಿ ಕೂತು, ಬಾಯಿ ತೆರೆದು ನಿಂತ ಕಾರನ್ನು ನೋಡುತ್ತ "ಹೌದು, ಹೌದು" ಎನ್ನುತ್ತಿದ್ದ. ಹೊತ್ತಿಗೆ ಮುಂಚೆ ಊಟಕ್ಕೆ ಎಬ್ಬಿಸಿದರೆ ಕಣ್ಣಲ್ಲಿ ನೀರು.

"ಅದನ್ನ ಇಳಿಸಬೇಕು ಅಂತಾನೇ ಹೇಳ್ತಿರೋದು," ಎಂದ ಲಿಫ್ಟಪ್ಪ.

"ಮುಚ್ಚಿಡಿ ಅಂತ ಹೇಳ್ತಿರಬಹುದು," ಎಂದಳು ಹೆಂಡತಿ. "ಯಾರಿಗೆ ಗೊತ್ತು?"

"ಅರ್ಧಕ್ಕೆ ಬಿಟ್ಟ ಕೆಲಸ ಯಾರನ್ನಾದ್ರೂ ತಿನ್ನುತ್ತೆ ಕಣೇ."

"ನಿಮಗೆ ಬಲ್ಬು ಬದಲಾಯಿಸೋಕೂ ಜನ ಬೇಕು."

ಅದು ಸುಳ್ಳಲ್ಲ. ಆದರೂ ಅವನಿಂದ ಸುಮ್ಮನೆ ಕೂರಲಾಗಲಿಲ್ಲ. ಭಾವನ ಹಳೇ ಗ್ಯಾರೇಜಿನವರು ಬರುತ್ತೇವೆ ಎಂದರು, ಬರಲಿಲ್ಲ. ಕೊನೆಗೆ ಅವರಲ್ಲೇ ಒಬ್ಬ ಯಾವುದಾದ ಮೇಲೆ ಯಾವುದು ಬಿಚ್ಚಬೇಕೆಂದು ಬಾಯಲ್ಲೇ ಹೇಳಿಕೊಟ್ಟ. ಸರಪಳಿ ಎಳೆದರೆ ಭಾರ ಮೇಲೇಳುವ ಚೈನ್ ಬ್ಲಾಕನ್ನೂ ಕೊಟ್ಟು ಕಳಿಸಿದ. ಕೆಲಸ ಮುಗಿಸಿ ಬಂದು ಸಂಜೆಯ ಬೆಳಕಿರುವವರೆಗೆ ಲಿಫ್ಟಪ್ಪ ಒಂದೊಂದೇ ಬಿಚ್ಚತೊಡಗಿದ. ಬ್ಯಾಟರಿಯ ತಂತಿ, ಪೆಟ್ರೋಲ್ ಕೊಳವೆ, ಸೈಲೆನ್ಸರ್, ಹಿಂದಿನ ಚಕ್ರಕ್ಕೆ ಹೋಗುವ ಶಾಫ್ಟು. ಬಿಚ್ಚಿದ ನಟ್ಟುಗಳನ್ನು ಬಿಸ್ಕತ್ತಿನ ಡಬ್ಬಿಗಳಿಗೆ ಹಾಕಿ, ಯಾವ ಡಬ್ಬಿ ಯಾವುದಕ್ಕೆ ಎಂದು ಮರುದಿನವೇ ಮರೆಯುತ್ತಿದ್ದ. ಕೈ ತರಚಿಕೊಂಡ, ಕಣ್ಣಿಗೆ ಎಣ್ಣೆ ಸುರಿಸಿಕೊಂಡ. ಭಾವ ಕುರ್ಚಿಯಲ್ಲಿ ಮುಂದಕ್ಕೆ ಬಾಗಿ ಕೂತಿರುತ್ತಿದ್ದ. ಆ ದಿನಗಳಲ್ಲಿ ಅವನು ಅನ್ನ ಚೆನ್ನಾಗಿ ಉಂಡ ಎಂದು ಹೆಂಡತಿಯೂ ಒಪ್ಪಿಕೊಂಡಳು.

ಎಂಜಿನ್ ಎತ್ತುವ ಭಾನುವಾರ ಬಂತು. ಶೆಡ್ಡಿನ ಕಬ್ಬಿಣದ ತೊಲೆಗೆ ಚೈನ್ ಬ್ಲಾಕ್ ಕಟ್ಟಿ, ಲಿಫ್ಟಪ್ಪ ಕೊನೆಯ ಸಲ ಕಾರಿನಡಿ ನುಸುಳಿದ. ಗೇರ್‌ಬಾಕ್ಸಿನ ಬಾಲ ಒಂದು ಅಡ್ಡಪಟ್ಟಿಯ ಮೇಲೆ ಕೂತಿತ್ತು. ಕಣ್ಣಿಗೆ ಕಂಡ ಬೋಲ್ಟನ್ನು ಬಿಚ್ಚಿದ. ಅದರಾಚೆ ಗ್ರೀಸೂ ಮಣ್ಣೂ ಸೇರಿ ಕಲ್ಲಿನಂತೆ ಮೆತ್ತಿಕೊಂಡಿತ್ತು.

"ಇನ್ನೇನೂ ಇಲ್ಲ ತಾನೇ ಭಾವ?" ಎಂದು ಕೆಳಗಿಂದಲೇ ಕೂಗಿದ.

"ಹೌದು," ಎಂದ ಭಾವ.

"ಎಲ್ಲಾ ಬಿಚ್ಚಿದ ಹಾಗಾಯ್ತು?"

"ಹೌದು, ಹೌದು, ಹೌದು."

ಮಲಗಿದ್ದವನಿಗೆ ಭಾವನ ಚಪ್ಪಲಿ ಮಾತ್ರ ಕಾಣುತ್ತಿತ್ತು, ಮುಖ ಕಾಣುತ್ತಿರಲಿಲ್ಲ. ಒಪ್ಪಿಗೆ ಸಿಕ್ಕಿತೆಂದು ಹೊರಬಂದ. ಹೆಂಡತಿಗೆ ಸರಪಳಿ ಕೊಟ್ಟು, ತಾನು ಎಂಜಿನ್ನಿಗೆ ಕೈಯಾನಿಸಿ ನಿಂತ. ಅವಳು ಸೆರಗು ಸಿಕ್ಕಿಸಿಕೊಂಡು ಎಳೆದಳು. ಕಟಕಟ ಸದ್ದು ಮಾಡುತ್ತ ಸರಪಳಿ ಬಿಗಿಯಿತು. ಎಂಜಿನ್ ತಾನು ಕೂರುವ ಜಾಗದಿಂದ ಬೆರಳಗಲ ಎದ್ದಿತು.

"ಬಂತು, ಬಂತು. ಎಳಿ."

"ಹೌದು! ಹೌದು!" ಎಂದು ಭಾವ ಕೂಗಿದ. ಹುರಿದುಂಬಿಸುತ್ತಿದ್ದಾನೆ ಎಂದುಕೊಂಡು ಇಬ್ಬರೂ ನಕ್ಕರು. ಅವಳು ಇನ್ನಷ್ಟು ಜೋರಾಗಿ ಎಳೆದಳು. ಕಾರಿನ ಮೂತಿಯೂ ಎಂಜಿನ್ನಿನ ಜೊತೆಗೇ ಮೇಲೇಳುತ್ತಿತ್ತು. ಅದು ಹಾಗೇ ಏಳಬೇಕೇನೋ ಎಂದು ಲಿಫ್ಟಪ್ಪ ತಿಳಿದ. ಭಾವ ಕೋಲನ್ನು ತಗಡಿನ ಗೋಡೆಗೆ ಬಡಿಯತೊಡಗಿದ. ಆಗ ಅವಳು ತಿರುಗಿ ಅಣ್ಣನ ಮುಖ ನೋಡಿದಳು.

"ನಿಲ್ಲಿಸಿ. ರೀ, ಅವನು ಬೇಡ ಅಂತಿದಾನೆ."

ಸರಪಳಿಯಿಂದ ಅವಳು ಕೈ ತೆಗೆಯುವುದಕ್ಕೂ ಒಳಗಿನಿಂದ ಒಣ ಕೊಂಬೆ ಮುರಿದಂಥ ಸದ್ದು ಬರುವುದಕ್ಕೂ ಸರಿಹೋಯಿತು. ಕಾರು ಧಪ್ಪನೆ ಸ್ಪ್ರಿಂಗಿನ ಮೇಲೆ ಕೂತಿತು. ಎಂಜಿನ್ ಬಾಲ ಎತ್ತಿಕೊಂಡು ತೂಗಿ, ಸೀಟುಗಳ ಮುಂದಿನ ತಗಡಿಗೆ ಬಡಿದು, ತಿರುಗುತ್ತ ತಿರುಗುತ್ತ ನಿಂತಿತು. ಯಾರಿಗೂ ಪೆಟ್ಟಾಗಲಿಲ್ಲ. ಗ್ರೀಸಿನ ಗಟ್ಟಿಯೊಳಗೆ ಇನ್ನೊಂದು ಬೋಲ್ಟು ಇತ್ತು. ಅದನ್ನು ಹಿಡಿದಿದ್ದ ಗೇರ್‌ಬಾಕ್ಸಿನ ಕಿವಿಯಂಥ ಚಾಚು ಮುರಿದು ಅಡ್ಡಪಟ್ಟಿಯಲ್ಲೇ ಉಳಿದಿತ್ತು.

ಹಳೇ ಟಯರುಗಳನ್ನು ಜೋಡಿಸಿ ಎಂಜಿನ್ನನ್ನು ಅವುಗಳ ಮೇಲೆ ಇಳಿಸಿದರು. ಭಾವ ಅಳುತ್ತಿದ್ದ, ಅಳುತ್ತಲೇ ಅದೇ ಮಾತನ್ನು ಹೇಳುತ್ತಿದ್ದ. ಲಿಫ್ಟಪ್ಪ ಮುರಿದ ತುಂಡನ್ನು ಅಂಗೈಯಲ್ಲಿಟ್ಟುಕೊಂಡು ಅವನೆದುರು ಕುಕ್ಕರಗಾಲಲ್ಲಿ ಕೂತ.

ಆಮೇಲೆ ಆ ತುಂಡನ್ನು ಕರವಸ್ತ್ರದಲ್ಲಿ ಕಟ್ಟಿಕೊಂಡು ಬಿಡಿಭಾಗದ ಅಂಗಡಿಗಳನ್ನೆಲ್ಲ ಅಲೆದ. ಈ ಕಾರು ಇನ್ನೂ ಇದೆಯಾ ಎಂದು ಅವರು ಕೇಳಿದರೇ ಹೊರತು ಅಂಥ ಗೇರ್‌ಬಾಕ್ಸ್ ಯಾರ ಬಳಿಯೂ ಇರಲಿಲ್ಲ. ವೆಲ್ಡಿಂಗಿನವನು ಪ್ರಯತ್ನ ಮಾಡಿದ. ಹಳೇ ಅಲ್ಯೂಮಿನಿಯಂ ಬೆಂಕಿ ತಾಗಿದ್ದೇ ಬೆಣ್ಣೆಯಂತೆ ಕರಗಿತು. "ಕ್ಷಮಿಸಿ ಯಜಮಾನ್ರೇ, ಇದ್ದದ್ದೂ ಹೋಯ್ತು," ಎಂದ. ಲಿಫ್ಟಪ್ಪ ಅವನಿಗೇ ಸಮಾಧಾನ ಹೇಳಿ ಬಂದ.

ಭಾವ ಶೆಡ್ಡಿಗೆ ಹೋಗುವುದನ್ನು ಬಿಟ್ಟ. ಮನೆಯೊಳಗೇ ಕೂತ. ಹೆಂಡತಿ ಒಂದು ಉಪಾಯ ಹೂಡಿದಳು: ಹೌದು ಎನ್ನಬೇಕಾದರೆ ಮೇಜಿಗೆ ಒಂದು ಸಲ ಬಡಿ, ಇಲ್ಲ ಎನ್ನಬೇಕಾದರೆ ಎರಡು ಸಲ. ಅವನು ಬಡಿಯಲು ಶುರುಮಾಡಿದರೆ ನಿಲ್ಲಿಸಲಾಗದೆ ಬಡಿಯುತ್ತಲೇ ಇರುತ್ತಿದ್ದ. ಕೊನೆಗೆ ಅವಳೇ ಆ ಕೈಯನ್ನು ಹಿಡಿದುಕೊಳ್ಳುತ್ತಿದ್ದಳು.

ಮಳೆಗಾಲದಲ್ಲಿ ಅವನು ಬಚ್ಚಲಿನ ಮೆಟ್ಟಿಲಲ್ಲಿ ಬಿದ್ದ. ಮೆಟ್ಟಿಲಿಲ್ಲದ ಜಾಗ ಮನೆಯಲ್ಲಿ ಶೆಡ್ ಒಂದೇ. ಅದನ್ನು ಅವನಿಗೆ ಕೋಣೆ ಮಾಡಿ, ಅಲ್ಲೇ ಪಾಯಿಖಾನೆ ಕಟ್ಟಿಸದೆ ಗತಿಯಿರಲಿಲ್ಲ. ಹಾಗೆಂದರೆ ಕಾರು ಹೋಗಬೇಕು. ಹಳೇ ಕಾರುಗಳನ್ನು ಕೂಡಿಸಿಟ್ಟುಕೊಳ್ಳುವ ಒಬ್ಬಾತ ಎಂಜಿನ್ ಸಮೇತ ಒಯ್ಯುತ್ತೇನೆ ಎಂದ.

"ಅಣ್ಣ, ಕಾರು ಕೊಟ್ಟುಬಿಡಲಾ?" ಎಂದು ತಂಗಿ ಕೇಳಿದಳು. ಅವನು ಹೌದೆಂದ. ಅವಳು ಬಹಳ ಹೊತ್ತು ಅವನ ಮುಖ ನೋಡಿದಳು. ನೋಡಿ, ಗಂಡನ ಕಡೆ ತಿರುಗಿ, "ನನಗೆ ತಿಳೀತಿಲ್ಲ ರೀ," ಎಂದಳು. ಬೇರೆ ದಾರಿಯಿರಲಿಲ್ಲ. ಕೊಟ್ಟರು.

ಲಾರಿ ಬಂದ ದಿನ ಭಾವನನ್ನು ಅಂಗಳದಲ್ಲಿ ಕುರ್ಚಿ ಹಾಕಿ ಕೂರಿಸಿದರು. ಎಂಜಿನ್ ಮೊದಲೇ ಲಾರಿ ಸೇರಿತ್ತು. ಅದಿಲ್ಲದ ಕಾರು ಮೂತಿ ಮೇಲೆತ್ತಿ, ಹಗುರವಾಗಿ, ತಳ್ಳಿದರೆ ತಾನೇ ಹೊರಟುಬಿಡುತ್ತಿತ್ತು. ಸ್ಟಿಯರಿಂಗ್ ಹಿಡಿಯಲು ಹೆಂಡತಿ ಕೂತಳು. ಆ ಸೀಟಿನಲ್ಲಿ ಅವಳು ಕೂತದ್ದು ಅದೇ ಮೊದಲು. ಲಿಫ್ಟಪ್ಪನೂ ಲಾರಿಯವರೂ ಮುಂದಿನಿಂದ ತಳ್ಳುತ್ತ ಕಾರನ್ನು ಹಿಂದಕ್ಕೆ ಬಿಟ್ಟರು. ಗೇಟಿನ ಕಂಬ ಹತ್ತಿರವಾಯಿತು.

"ಯಾವ ಕಡೆ ತಿರುಗಿಸ್ಲಿ?" ಎಂದು ಅವಳು ಗಾಬರಿಯಲ್ಲಿ ಕೇಳಿದಳು. ತಳ್ಳುವವರಿಗೆ ಹಿಂದೇನಿದೆ ಎಂಬುದು ಕಾಣುತ್ತಿರಲಿಲ್ಲ.

ಕುರ್ಚಿಯಲ್ಲಿದ್ದ ಭಾವನ ಎಡಗೈ ಎದ್ದಿತು. ಅಂಗೈ ಒಳಮುಖ ಮಾಡಿ, ಬಾ, ಬಾ ಎಂದು ಬೀಸಿತು. ಒಮ್ಮೆ ಎಡಕ್ಕೆ ಓಲಿತು. ಇನ್ನೂ ಸ್ವಲ್ಪ. ಆಮೇಲೆ ನೇರ. ಗ್ಯಾರೇಜಿನಲ್ಲಿ ಸಾವಿರಾರು ಗಾಡಿಗಳನ್ನು ಹೊರಗೆ ಬಿಡಿಸಿದ ಕೈ ಅದು. ಅವಳು ಕಿಟಕಿಯಿಂದ ಆ ಕೈಯನ್ನೇ ನೋಡುತ್ತ ಸ್ಟಿಯರಿಂಗ್ ತಿರುಗಿಸಿದಳು. ಕಾರು ಕಂಬಕ್ಕೆ ಸೋಕದೆ ಬೀದಿಗೆ ಇಳಿಯಿತು. ಅಂಗೈ ಚಪ್ಪಟೆಯಾಗಿ ಮೇಲೆದ್ದು, ಸಾಕು, ನಿಲ್ಲಿಸು ಎಂದಿತು.

ಲಿಫ್ಟಪ್ಪ ಬಾನೆಟ್ಟಿಲ್ಲದ ಕಾರಿಗೆ ಕೈಯೂರಿಕೊಂಡೇ ನಿಂತಿದ್ದ. ಲಾರಿಯವರು ಹಗ್ಗ ಕಟ್ಟತೊಡಗಿದ್ದರು. ಹೆಂಡತಿ ಸೀಟಿನಿಂದ ಇಳಿದು ಬಂದು, ಇನ್ನೂ ಗಾಳಿಯಲ್ಲಿ ನಿಂತಿದ್ದ ಆ ಕೈಯನ್ನು ಮೆಲ್ಲಗೆ ಕೆಳಗಿಳಿಸಿ ಅಣ್ಣನ ಮಡಿಲಲ್ಲಿಟ್ಟಳು.