ವಾಪಸು ಬಾರದ ತೌಡಿನ ಗೋಣಿ

ಮಳೆ ಬಿಟ್ಟ ಮೇಲೆ ಒಂದು ದಿನ ಸೊಸೆ ಸುಳ್ಯದಿಂದ ಒಂದು ಬಿಸ್ಕತ್ತಿನ ಪೊಟ್ಟಣ ತಂದಳು. ‘ಇದರಲ್ಲಿ ನಾರಿನಂಶ ಜಾಸ್ತಿ ಮಾವ, ಹೊಟ್ಟೆಗೆ ಒಳ್ಳೆಯದು’ ಎಂದಳು. ಯಾವುದನ್ನೇ ಆದರೂ ಬಾಯಿಗೆ ಹಾಕುವ ಮೊದಲು ಮೂಗಿಗೆ ಹಿಡಿಯುವುದು ನನ್ನ ಹಳೆಯ ಅಭ್ಯಾಸ. ಹಿಡಿದೆ. ಮಿಲ್ಲಿನ ಹೊಂಡದಿಂದ ಆಗಷ್ಟೇ ಬಾಚಿದ, ಇನ್ನೂ ಬೆಚ್ಚಗಿರುವ ಕುಚ್ಚಲಕ್ಕಿ ತೌಡಿನ ವಾಸನೆ! ನನಗೆ ನಗು ಬಂತು. ನಾರಿನ ವಿಷಯದಲ್ಲಿ ನನಗೆ ಪಾಠ ಹೇಳಲು ಒಂದು ಬಿಸ್ಕತ್ತು ಹೊರಟಿತ್ತು.

ನಾನು ಹಂದಿ ಸಾಕಿ ಬದುಕಿದವನು. ಇದನ್ನು ಹೇಳಲು ನನಗೆ ಯಾವತ್ತೂ ನಾಚಿಕೆ ಆದದ್ದಿಲ್ಲ. ನಮ್ಮ ಗೌಡರ ಮನೆಗಳಲ್ಲಿ ಔತಣಕ್ಕೆ ಹಂದಿ ಮಾಂಸ ಇಲ್ಲದಿದ್ದರೆ ನೆಂಟರ ಮುಖ ಸಪ್ಪೆಯಾಗುತ್ತದೆ. ಆದರೆ ಅದೇ ನೆಂಟರು ನನ್ನ ಗೂಡಿನ ಹತ್ತಿರ ಬಂದರೆ ಮೂಗಿಗೆ ವಸ್ತ್ರ ಹಿಡಿಯುತ್ತಾರೆ. ಬಾಳೆಲೆಯ ಮೇಲೆ ಬಂದಾಗ ಬೇಡದ ವಸ್ತ್ರ ಗೂಡಿನಲ್ಲಿ ಯಾಕೆ ಬೇಕು ಎಂದು ನಾನು ಕೇಳುವುದುಂಟು.

ಶಾಲೆಯನ್ನು ನಾನು ಏಳನೇ ಕ್ಲಾಸಿಗೆ ಬಿಟ್ಟೆ. ಶಾಲೆಯೇ ನನ್ನನ್ನು ಬಿಟ್ಟಿತು ಎನ್ನುವುದು ನನ್ನ ಅಣ್ಣನ ಅಭಿಪ್ರಾಯ. ಅಣ್ಣ ಓದಿದವನು, ಮನೆಯ ಯಜಮಾನ. ಬೆಳ್ಳಾರೆಯಿಂದ ಪಂಜಕ್ಕೆ ಹೋಗುವ ದಾರಿಯಲ್ಲಿ ನಮ್ಮ ಜಾಗ; ಆಗ ಇನ್ನೂ ಪಾಲಾಗಿರಲಿಲ್ಲ. ಮನೆಯ ಹಿಂದಿನ ಗುಡ್ಡದ ಬದಿಯಲ್ಲಿ ನಾನೇ ಕಲ್ಲು ಹೊತ್ತು ಗೂಡು ಕಟ್ಟಿ ಒಂದು ಹೆಣ್ಣು ಹಂದಿ ತಂದೆ. ಅದು ಮರಿ ಹಾಕಿತು. ಮರಿಗಳು ಹಾಲು ಬಿಟ್ಟವು. ಅಲ್ಲಿಂದ ನನ್ನ ಪರೀಕ್ಷೆ ಶುರುವಾಯಿತು.

ತೌಡಿಗೆ ನಾನು ಹೋಗುತ್ತಿದ್ದದ್ದು ಬೆಳ್ಳಾರೆಯ ಮಮ್ಮುಂಞಿ ಕಾಕನ ಅಕ್ಕಿ ಮಿಲ್ಲಿಗೆ. ಗಿಡ್ಡ ಮನುಷ್ಯ, ಹುಬ್ಬಿನ ಮೇಲೆ ಯಾವಾಗಲೂ ಬಿಳಿ ಧೂಳು. ತೌಡಿನ ಗೋಣಿಯನ್ನು ಗಿರಾಕಿಗಳು ಕೊಡವಿ ವಾಪಸು ತಂದುಕೊಡಬೇಕು, ಅದು ಮಿಲ್ಲಿನ ಪದ್ಧತಿ. ಎಲ್ಲರ ಗೋಣಿಗಳೂ ಮಾಡಿನ ಅಡ್ಡತೊಲೆಯಲ್ಲಿ ಸಾಲಾಗಿ ನೇತಾಡುತ್ತಿದ್ದವು. ಮೊದಲ ದಿನ, ಹಂದಿ ಮುಟ್ಟದ ಮುಸಲ್ಮಾನರ ಹತ್ತಿರ ತೌಡು ಯಾವುದಕ್ಕೆ ಎಂದು ಮುಚ್ಚಿಡುವುದು ನನ್ನಿಂದಾಗದೆ, ಹೇಳಲು ಬಾಯಿ ತೆರೆದೆ. ಕಾಕ ಕೈ ಎತ್ತಿದರು.

“ನೋಡಿ ಗೌಡ್ರೆ, ತೌಡು ಮಾರುದು ನನ್ನ ಕೆಲ್ಸ. ತಿನ್ನುದು ಯಾರು ಅಂತ ನಾನು ಕೇಳುದಿಲ್ಲ, ನೀವು ಹೇಳುದು ಬೇಡ. ಗೋಣಿ ಮಾತ್ರ ವಾಪಸು ತರುದು ಬೇಡ.”

ಹಾಗೆ ನನ್ನ ಪಾಲಿಗೆ ಬಂದದ್ದು ಮಿಲ್ಲಿನ ಪಿಂಚಣಿದಾರ ಗೋಣಿಗಳು. ಎರಡು ಮೂರು ತೇಪೆ ಬಿದ್ದವು, ಬಾಯಿ ಹರಿದವು. ಆದರೆ ತೌಡು ಸೋರುವ ಒಂದೇ ಒಂದು ಗೋಣಿಯನ್ನು ಕಾಕ ನನಗೆ ಕೊಟ್ಟದ್ದಿಲ್ಲ. ದಬ್ಬಣ ಹಿಡಿದು ತಾವೇ ಹೊಲಿದು ಇಟ್ಟಿರುತ್ತಿದ್ದರು. ಆದರೂ ನನಗೆ ಸ್ವಲ್ಪ ಚುಚ್ಚಿತು ಎನ್ನಿ. ಹೊಳೆಯಲ್ಲಿ ಒಗೆದು ಬಿಸಿಲಿಗೆ ಹಾಕಿದ ಗೋಣಿಗೆ ಎಂತದ್ದು ಮೈಲಿಗೆ ಎಂದು ದಾರಿಯುದ್ದಕ್ಕೂ ಜೀಪಿನಲ್ಲಿ ನನ್ನಷ್ಟಕ್ಕೆ ವಾದಿಸಿದೆ. ಕಾಕ ಅಲ್ಲಿಲ್ಲದ ಕಾರಣ ವಾದದಲ್ಲಿ ನಾನೇ ಗೆದ್ದೆ.

ಮರಿಗಳು ಮಾತ್ರ ಸೋಲುತ್ತಿದ್ದವು. ಗುಡಾಣದಂಥ ಹೊಟ್ಟೆ, ಎಲುಬು ಕಾಣುವ ಬೆನ್ನು. ಬಾನಿ ತುಂಬ ತಿನ್ನುತ್ತವೆ, ಮೈ ಹಿಡಿಯುವುದಿಲ್ಲ. ಅಣ್ಣ ಒಂದು ದಿನ ಗೂಡಿನ ಗೋಡೆಯ ಮೇಲೆ ಕೈ ಊರಿ ನೋಡಿದ. “ಬದಿಯಿಂದ ಮಡಕೆ, ಮೇಲಿನಿಂದ ಗರಗಸ. ಹಂದಿ ಎಲ್ಲಿ ಉಂಟು ಇದರಲ್ಲಿ?” ದೀಪಾವಳಿಗೆ ಮೊದಲು ಇವು ಮೈ ಹಿಡಿಯದಿದ್ದರೆ ಗೂಡು ಕಿತ್ತು, ಅದೇ ಜಾಗದಲ್ಲಿ ರಬ್ಬರ್ ಶೀಟಿಗೆ ಹೊಗೆಮನೆ ಕಟ್ಟುವುದೆಂದು ತೀರ್ಮಾನ ಹೇಳಿ ಹೋದ. ನಾನು ಎರಡು ಮಾತು ಹೆಚ್ಚೇ ಆಡಿದೆ. ನಮ್ಮ ಮನೆಮಾತಾದ ಅರೆಭಾಷೆಯಲ್ಲಿ ಆಡಿದ್ದನ್ನು ಪುಸ್ತಕದ ಕನ್ನಡಕ್ಕೆ ತಂದರೆ ಖಾರ ಹೋಗುತ್ತದೆ, ಹಾಗಾಗಿ ಬಿಡುತ್ತೇನೆ.

ಆ ಗೂಡೊಂದೇ ಆ ಮನೆಯಲ್ಲಿ ನನ್ನದು ಎಂದು ಹೇಳಿಕೊಳ್ಳುವಂಥದ್ದು. ಅದು ಹೋದರೆ ನಾನು ಅಣ್ಣನ ತೋಟದ ಆಳು, ಅಷ್ಟೆ.

ಮಾತಿಗೆ ಮರಿ ದಪ್ಪವಾಗುವುದಿಲ್ಲವಲ್ಲ. ಮರುದಿನ ಅವುಗಳ ಸೆಗಣಿ ತಂದು ಜರಡಿಗೆ ಹಾಕಿ ನೀರು ಹೊಯ್ದೆ. ಕೆಳಗೆ ನೀರು ಇಳಿಯಿತು, ಮೇಲೆ ಉಮಿ ಉಳಿಯಿತು. ಬಾನಿಗೆ ಹಾಕಿದ್ದ ಉಮಿ ಹಾಗೆಯೇ ಹೊಟ್ಟೆಯೊಳಗೆ ಸವಾರಿ ಮಾಡಿ ಇಳಿದಿತ್ತು. ತಾಯಿಯದ್ದನ್ನೂ ತೊಳೆದೆ, ಅದರಲ್ಲಿ ಕಡಿಮೆ. ನಾನು ಕೂತು ಯೋಚಿಸಿದೆ. ತಾಯಿಯದ್ದು ಪಳಗಿದ ಕರುಳು, ಒರಟು ನಾರನ್ನೂ ನಿಧಾನಕ್ಕೆ ಕೊಳೆಸಿ ಸಾರ ತೆಗೆಯುತ್ತದೆ. ಬೆಳೆಯುವ ಮರಿಗೆ ಅಷ್ಟು ತಾಳ್ಮೆಯ ಕರುಳು ಇನ್ನೂ ಬಂದಿಲ್ಲ. ಹೊಟ್ಟೆಯ ಜಾಗವನ್ನೆಲ್ಲ ಉಮಿಯೇ ಹಿಡಿದರೆ ಸತ್ವಕ್ಕೆ ಎಡೆಯೆಲ್ಲಿ? ಹಾಗೆಂದು ನಾರನ್ನು ಪೂರ್ತಿ ಬಿಡುವಂತೆಯೂ ಇಲ್ಲ. ಹಾಲು ಬಿಟ್ಟ ಹೊಸತರಲ್ಲಿ ಬರೇ ಹೋಟೆಲಿನಲ್ಲಿ ಉಳಿದ ಅನ್ನ, ಹಿಂಡಿ ಹಾಕಿ ನೋಡಿದ್ದೆ: ಸೆಗಣಿ ಕಲ್ಲಾಯಿತು, ಹೊಟ್ಟೆ ತುಂಬಿದ ಸಮಾಧಾನ ಇಲ್ಲದೆ ಒಂದರ ಬಾಲ ಇನ್ನೊಂದು ಕಚ್ಚಿತು. ನಾರು ಬೇಕು, ಮೆತ್ತಗಿನ ನಾರು ಬೇಕು.

ಈ ಜ್ಞಾನೋದಯದ ಹೊತ್ತಿಗೆ ಹೆಂಡತಿ ಹಿಂದೆ ನಿಂತಿದ್ದಳು. “ಅದು ನನ್ನ ಹಿಟ್ಟಿನ ಜರಡಿ ಅಲ್ವಾ?” ಎಂದಳು. ಹೌದೆಂದೆ. “ಇನ್ನು ಅದು ಅಡಿಗೆ ಕೋಣೆಗೆ ಬರುದು ಬೇಡ.” ನೋಡಿ, ಕಾಕನ ಕಾನೂನೇ ನನ್ನ ಮನೆಯೊಳಗೂ ಇತ್ತು. ಆಮೇಲೆ ಗೋಣಿಯ ವಿಷಯದಲ್ಲಿ ನನಗೆ ಚುಚ್ಚಲಿಲ್ಲ.

ಆದರೆ ಮೆತ್ತಗಿನ ತೌಡು ಎಲ್ಲಿಂದ? ಕಾಕನ ಮಿಲ್ಲಿನಲ್ಲಿ ಭತ್ತ ಮೊದಲ ಸಲ ಹೋದಾಗ ಉಮಿ, ಎರಡನೇ ಸಲ ಹೋದಾಗ ನಯವಾದ ತೌಡು, ಎರಡೂ ಬೀಳುವುದು ಒಂದೇ ಹೊಂಡಕ್ಕೆ. ಬೇರೆ ಬೇರೆ ಬೇಕೆಂದರೆ ನಡುವೆ ಯಂತ್ರ ನಿಲ್ಲಿಸಿ ಹೊಂಡ ಬಾಚಬೇಕು. ಜನ ಭತ್ತ ಹಿಡಿದು ಕಾಯುತ್ತಿರುವಾಗ ಇದನ್ನು ಕೇಳಬೇಕಾದರೆ ಕಾರಣ ಹೇಳಬೇಕು. ಹೇಳಬಾರದು ಎಂದೇ ನಮ್ಮ ಒಪ್ಪಂದ.

ಕೇಳಿಯೇಬಿಟ್ಟೆ. ಸಾಲಿನಲ್ಲಿದ್ದ ಒಬ್ಬರು, ದನಕ್ಕೆ ಇದೇ ಧಾರಾಳ ಎಂದರು. ಕಾಕ ನನ್ನ ಮುಖ ನೋಡಿದರು.

“ಎಳೆಯವು ಕಾಕ,” ಎಂದೆ. “ಉಮಿ ಕರಗಿಸ್ಲಿಕ್ಕೆ ಆಗುದಿಲ್ಲ ಅವಕ್ಕೆ. ತಾಯಿಗೆ ತೊಂದರೆ ಇಲ್ಲ.”

ಕಾಕ ಹೊಂಡದಿಂದ ಒಂದು ಮುಷ್ಟಿ ತೌಡು ತೆಗೆದು ಅಂಗೈಯಲ್ಲಿ ಉಜ್ಜಿ ಊದಿದರು. ಉಮಿ ಹಾರಿತು. ಕೈಯಲ್ಲಿ ಉಳಿದದ್ದು ಸ್ವಲ್ಪವೇ. ಅದನ್ನೇ ನೋಡುತ್ತ ನಿಂತರು.

“ಎಳೆಯದ್ದರ ಹೊಟ್ಟೆ ಎಲ್ಲ ಒಂದೇ,” ಎಂದರು. “ಬುಧವಾರ ಬೆಳಿಗ್ಗೆ ಬೇಗ ಬನ್ನಿ. ಬೇರೆಯವರು ಬರುವ ಮೊದ್ಲು ತೆಗೆದಿಡುವ.”

ಬುಧವಾರ ಹೋದಾಗ ಎರಡು ಗೋಣಿ ಗೋಡೆಗೆ ಒರಗಿ ನಿಂತಿದ್ದವು. ಒಂದರ ಬಾಯಿಗೆ ತೆಂಗಿನ ಹಗ್ಗ, ಇನ್ನೊಂದಕ್ಕೆ ಬಾಳೆಯ ನಾರು. ನಾನು ಕೇಳಲಿಲ್ಲ, ಒರಟು ಹಗ್ಗದ್ದು ತಾಯಿಗೆ, ಮೆತ್ತಗಿನ ನಾರಿನದ್ದು ಎಳೆಯವಕ್ಕೆ ಎಂದು ಯಾರಿಗಾದರೂ ಗೊತ್ತಾಗುತ್ತದೆ. ಅಲ್ಲಿಂದ ಪ್ರತಿ ಬುಧವಾರ ಹಾಗೆಯೇ. ನಯವಾದ ತೌಡಿಗೆ ತೆಂಗಿನ ಹಿಂಡಿ, ಸಣ್ಣಗೆ ಕೊಚ್ಚಿದ ಬಾಳೆದಿಂಡು ಹದವಾಗಿ ಸೇರಿಸಿದೆ. ಮೊದಲು ಸೆಗಣಿ ಸರಿಯಾಯಿತು, ಆಮೇಲೆ ಹೊಟ್ಟೆ ಇಳಿಯಿತು, ಆಮೇಲೆ ಬೆನ್ನು ತುಂಬಿತು. ಇದೇ ಕ್ರಮ, ಬೆನ್ನನ್ನು ಮೊದಲು ನೋಡುವವನು ಹಂದಿ ಸಾಕಬಾರದು.

ದೀಪಾವಳಿಯ ಮುಂಚಿನ ವಾರ ಅಣ್ಣ ಪುನಃ ಗೋಡೆಗೆ ಕೈ ಊರಿದ. ಒಂದೊಂದೇ ಮರಿಯ ಹೊಟ್ಟೆ, ಬೆನ್ನು ನೋಡಿದ. ಕೊನೆಗೆ, “ಹೊಗೆಮನೆ ಕೆಳಗಿನ ಜಾಗದಲ್ಲಿ ಕಟ್ಟುವ. ಅಲ್ಲಿ ಗಾಳಿ ಒಳ್ಳೆದುಂಟು,” ಎಂದ. ನಮ್ಮ ಮನೆಯಲ್ಲಿ ಸೋಲು ಒಪ್ಪುವ ಭಾಷೆ ಅದು.

ಆ ಬುಧವಾರ ಗೋಣಿ ಕಟ್ಟುತ್ತ, ತಲೆ ಎತ್ತದೆ, ಕಾಕ ಕೇಳಿದರು: “ಎಳೆಯವು ಹೇಗುಂಟು?”

“ಎದ್ದು ನಿಂತವು ಕಾಕ.”

ಸರಿ ಎಂಬಂತೆ ಗಂಟು ಬಿಗಿದರು. ಮನೆಯ ಹೊರಗಿನವರು ನನ್ನ ಹಂದಿಗಳ ಆರೋಗ್ಯ ಕೇಳಿದ್ದು ಅದೇ ಮೊದಲು.

ಮಿಲ್ಲು ಮುಚ್ಚಿ ಕಾಲವಾಯಿತು. ಬಿಸ್ಕತ್ತಿನ ವಾಸನೆ ಮೂಗಿನಿಂದ ಹೋಗದ್ದರಿಂದ ಮರುವಾರ ಕಾಕನ ಮನೆಗೆ ಹೊರಟೆ. ಪುತ್ತೂರಿನ ಡಾಕ್ಟರು ಅವರಿಗೆ ತೌಡು ತೆಗೆಯದ ಅಕ್ಕಿ ಉಣ್ಣಲು ಹೇಳಿದ್ದಾರೆಂದು ಪೇಟೆಯಲ್ಲಿ ಕೇಳಿದ್ದೆ. ನನ್ನ ಗದ್ದೆಯ ಅಂಥ ಅಕ್ಕಿಯನ್ನೇ ಕಟ್ಟಿಕೊಂಡೆ. ಜಗಲಿ ಹತ್ತುವಾಗಲೇ, “ಗೋಣಿ ಹೊಸತು ಕಾಕ, ಅಂಗಡಿಯಿಂದ ನೇರ ತಂದು ತುಂಬಿಸಿದ್ದು,” ಎಂದೆ.

“ನಾನು ಕೇಳ್ಲಿಲ್ಲ ಅಲ್ಲ ಮಾರಾಯ್ರೆ,” ಎಂದು ಕಾಕ ನಕ್ಕರು. “ಇಡೀ ಜನ್ಮ ತೌಡು ತೆಗೆದೆ. ಈಗ ಡಾಕ್ಟ್ರು ಅದನ್ನೇ ತಿನ್ನು ಅಂತಾರೆ.” ಚಾ ಕುಡಿದೆವು. ಎಳೆಯವು ಉಂಟಾ ಈಗ ಎಂದು ವಿಚಾರಿಸಿದರು. ಹೊರಡುವಾಗ ಗೋಣಿಯ ಮೇಲೆ ಕೈಯಿಟ್ಟು ಹೇಳಿದರು: “ಅಕ್ಕಿ ಮುಗಿದ ಮೇಲೆ ಬಂದು ಇದನ್ನು ಕೊಂಡುಹೋಗಿ. ಪುನಃ ತುಂಬಿಸಿ ತರ್ಲಿಕ್ಕೆ ಬೇಕಲ್ಲ.”

ಮೊನ್ನೆ ಹೋಗಿ ತಂದೆ. ಗೂಡಿನ ಕಡೆ ಕೊಂಡುಹೋಗಲಿಲ್ಲ. ನಡುಕೋಣೆಯ ಬಾಗಿಲ ಹಿಂದೆ ಮೊಳೆ ಹೊಡೆದು ನೇತುಹಾಕಿದೆ. ಮನೆಯೊಳಗೆ ಎಂತಕ್ಕೆ ಗೋಣಿ, ಹಂದಿಯ ತೌಡಿಗೆ ಕೊಂಡುಹೋಗಲಾ ಎಂದು ಸೊಸೆ ಕೇಳಿದಳು.

ಮುಟ್ಟಬೇಡ ಎಂದೆ. ಅದು ವಾಪಸು ಹೋಗುವ ಗೋಣಿ.