ಸೌಂಡ್ ಕಾರ್ಡಿಗೆ ಹಚ್ಚಿದ ವಿಭೂತಿ

ತಂಗಿಯ ಮಗಳು ಮೊನ್ನೆ ನನ್ನ ಟೇಬಲ್ ಮೇಲೆ ಹೋಮ್‌ವರ್ಕ್ ಮಾಡಿ, ಅಳಿಸುವ ರಬ್ಬರನ್ನು ಅಲ್ಲೇ ಬಿಟ್ಟು ಹೋಗಿದ್ದಳು. ಕಿತ್ತಳೆ ಹಣ್ಣಿನ ವಾಸನೆಯ ರಬ್ಬರ್. ಸುಮ್ಮನೆ ಮೂಗಿಗೆ ಹಿಡಿದೆ ನೋಡಿ, ಸರ್ ಬಂದು ಪಕ್ಕದಲ್ಲಿ ಕುಳಿತ ಹಾಗಾಯಿತು. ಅವರ ಚೀಲದಲ್ಲಿ ಒಂದು ಸ್ಕ್ರೂಡ್ರೈವರ್, ಒಂದು ನೋಟ್‌ಬುಕ್ಕು, ಇಂಥದ್ದೇ ಒಂದು ರಬ್ಬರ್ ಯಾವಾಗಲೂ ಇರುತ್ತಿದ್ದವು...

ಸರ್ ನನಗೆ ಯಾವ ತರಗತಿಯಲ್ಲೂ ಕಲಿಸಿದವರಲ್ಲ. ಐಟಿಐಯಲ್ಲಿ ಎಲೆಕ್ಟ್ರಾನಿಕ್ಸ್ ಕಲಿಸಿ ನಿವೃತ್ತರಾಗಿ ಸಂಪಗಾಂವದಲ್ಲಿದ್ದರು. ಬೈಲಹೊಂಗಲದಲ್ಲಿ ನನ್ನದೊಂದು ರೆಕಾರ್ಡಿಂಗ್ ಕೋಣೆ. ಬೋರ್ಡಿನಲ್ಲಿ ಸ್ಟುಡಿಯೋ ಎಂದು ಬರೆಸಿದ್ದೆ ಅಷ್ಟೇ. ಮಾಡುತ್ತಿದ್ದದ್ದು ಆಟೊದಲ್ಲಿ ಕೂಗಿಕೊಂಡು ಹೋಗುವ ಸೀರೆ ಸೇಲಿನ ಜಾಹೀರಾತು. ಗಿರಾಕಿಗಳ ಪೆನ್‌ಡ್ರೈವಿನಿಂದ ವೈರಸ್ ಬಂದು ನನ್ನ ಕಂಪ್ಯೂಟರ್ ತಿಂಗಳಿಗೊಮ್ಮೆ ಮಲಗಿಬಿಡುತ್ತಿತ್ತು. ಸರ್ ಒಂದು ದಿನ ಬಂದವರೇ ಎಲ್ಲ ಅಳಿಸಿ ವಿಂಡೋಸ್ ಬದಲು ಲಿನಕ್ಸ್ ಹಾಕಿದರು. “ಇನ್ನ ವೈರಸ್ ಚಿಂತಿ ಬಿಡು” ಎಂದರು. ವೈರಸ್ ಹೋಯಿತು, ಖರೆ. ಬೇರೆ ಚಿಂತೆಗಳು ಬಂದವು.

ಅದೇ ಹೊತ್ತಿಗೆ ನಮ್ಮ ದೊಡ್ಡವ್ವನ ಗಂಟಲಲ್ಲಿ ಗಂಟು ಕಾಣಿಸಿಕೊಂಡಿತು. ದೊಡ್ಡವ್ವ ಎಂದರೆ ನಮ್ಮವ್ವನ ಅಕ್ಕ. ಸುತ್ತಲಿನ ಊರುಗಳ ಮದುವೆಗಳಲ್ಲಿ ಸೋಬಾನ ಪದ ಹಾಡುವವಳು. ಹನ್ನೆರಡು ದಿನ ಬಿಟ್ಟು ಆಪರೇಷನ್ ಎಂದರು ಬೆಳಗಾವಿಯ ಡಾಕ್ಟರು. ಜೀವಕ್ಕೆ ಭಯವಿಲ್ಲ, ಆದರೆ ಹಾಡುವ ದನಿ ಉಳಿಯುತ್ತದೆಂದು ಹೇಳಲಾಗದು ಎಂದೂ ಹೇಳಿದರು. ದೊಡ್ಡವ್ವ ಅಳಲಿಲ್ಲ. “ನನ್ನ ಪದಾ ನಿಂತ್ರ, ಮದಿವಿ ಮನ್ಯಾಗ ಮೊಬೈಲ್ ಹಚ್ಚಿ ಕುಂದರತಾರೋ ತಮ್ಮಾ” ಎಂದಳು. ಅತ್ತವನು ನಾನು.

ಆಪರೇಷನ್ನಿಗೆ ಮೊದಲು ಅವಳ ಪದಗಳನ್ನೆಲ್ಲ ಹಿಡಿದಿಡಲೇಬೇಕೆಂದು ಹಟ ಹಿಡಿದೆ. ಮೊಬೈಲಿನಲ್ಲಿ ಹಿಡಿದು ನೋಡಿದರೆ ಡಬ್ಬಿಯೊಳಗೆ ಕುಳಿತು ಹಾಡಿದಂತೆ ಕೇಳಿತು. ಹಿಂದೆ ದನಿಗೂಡಿಸುವ ಮೂವರು ಹೆಂಗಸರಂತೂ ಕೇಳಿಸಲೇ ಇಲ್ಲ. ನಾಲ್ವರಿಗೂ ಬೇರೆ ಬೇರೆ ಮೈಕ್ ಬೇಕು, ಅಷ್ಟನ್ನೂ ಒಟ್ಟಿಗೆ ಹಿಡಿಯುವ ಸೌಂಡ್ ಕಾರ್ಡ್ ಬೇಕು ಎಂದರು ಸರ್. ಹುಬ್ಬಳ್ಳಿಯಲ್ಲಿ ಬಾಗಿಲು ಮುಚ್ಚಿದ್ದ ಸ್ಟುಡಿಯೋ ಒಂದರಿಂದ ಹಳೆಯ ಕಾರ್ಡ್ ತಂದೆ. ಸರ್ ಬರುವವರೆಗೆ ಕಾಯಬೇಕೋ ಬೇಡವೋ? ನಾನೇ ಕಂಪ್ಯೂಟರ್ ಬಿಚ್ಚಿ ಸಿಕ್ಕಿಸಿಬಿಟ್ಟೆ. ಮೊದಲಿನಿಂದಲೂ ಅವಸರದ ಮನುಷ್ಯ ನಾನು.

ಕಾರ್ಡ್ ಕಂಪ್ಯೂಟರಿಗೆ ಕಾಣಿಸಲೇ ಇಲ್ಲ. ಸರ್ ಕಪ್ಪು ಪರದೆಯಲ್ಲಿ ಕಮಾಂಡ್ ಬಡಿದರೆ ಒಳಗಿರುವ ಸಾಮಾನುಗಳ ಪಟ್ಟಿ ಬರುತ್ತಿತ್ತು. ಅದರಲ್ಲಿ ನಮ್ಮ ಕಾರ್ಡಿನ ಹೆಸರಿಲ್ಲ. ದಿನಾ ಮುಂಜಾನೆ ಬಸ್ಸಿಗೆ ಬರುತ್ತಿದ್ದರು. ಯಾವ ಯಾವುದೋ ದೇಶದವರು ಇಂಟರ್ನೆಟ್ಟಿನಲ್ಲಿ ಹೇಳಿದ ಉಪಾಯಗಳನ್ನು ನೋಟ್‌ಬುಕ್ಕಿನಲ್ಲಿ ಪೆನ್ಸಿಲಿನಿಂದ ಬರೆದುಕೊಂಡು, ಒಂದೊಂದನ್ನೇ ಮಾಡಿ ನೋಡಿ, ಆಗದಿದ್ದರೆ ಅಳಿಸುತ್ತಿದ್ದರು. ಕಾರ್ಡನ್ನು ನಡೆಸುವ ಡ್ರೈವರ್ ಎಂಬ ಪ್ರೋಗ್ರಾಮ್ ಬದಲಿಸಿದರು. ಲಿನಕ್ಸನ್ನೇ ಮತ್ತೊಮ್ಮೆ ಹೊಸದಾಗಿ ಹಾಕಿದರು. ಒಂದು ವಾರ ಹೋಯಿತು. “ಲಿನಕ್ಸ್ ಹಾಕಿ ನಾನ ನಿನ್ನ ಕೆಲಸಾ ಕೆಡಿಸಿದ್ನೇನೋ...” ಎಂದು ಆ ಮನುಷ್ಯ ಬುತ್ತಿ ಬಿಚ್ಚದೆ ಕುಳಿತರು.

ಎಂಟನೆಯ ದಿನ ಕಾರ್ಡನ್ನೇ ಹೊರಗೆ ತೆಗೆದು ಕನ್ನಡಕದ ಹತ್ತಿರ ಹಿಡಿದರು.

“ಇದಕ್ಕ ವಿಭೂತಿ ಯಾರು ಹಚ್ಚಿದ್ರೋ?”

ಹೊಸ ಸಾಮಾನು ಬಂದರೆ ಪೂಜೆ ಮಾಡದೆ ಮುಟ್ಟುವವರಲ್ಲ ನಾವು. ವಿಭೂತಿಯನ್ನು ನೀರಲ್ಲಿ ನಾದಿ, ಮೂರು ಬೆರಳಿಂದ ಎಳೆದಿದ್ದೆ. ಕಾರ್ಡಿನ ಅಂಚಿಗೆ ಬಂಗಾರದ ಬಣ್ಣದ ಪಟ್ಟಿಗಳ ಸಾಲೊಂದಿತ್ತು, ಚೆಂದ ಹೊಳೆಯುತ್ತಿತ್ತು; ಅದೇ ಅದರ ಹಣೆ ಎಂದುಕೊಂಡಿದ್ದೆ. ಕಾರ್ಡು ಕಂಪ್ಯೂಟರಿನ ಜೊತೆ ಮಾತಾಡುವುದೇ ಆ ಸಾಲಿನಿಂದ ಎಂದು ಯಾರಿಗೆ ಗೊತ್ತಿತ್ತು!

“ನಾನ ರೀ ಸರ್... ಸೋಮವಾರ ಬಂದಿತ್ತು, ಪೂಜಿ ಮಾಡಿದ್ನಿ.”

ಬೈಯುತ್ತಾರೆಂದು ತಲೆ ತಗ್ಗಿಸಿದೆ. “ಎಲಾ ಖೋಡಿ! ಹಣಿಗಿ ಹಚ್ಚೂದು ಬಿಟ್ಟು ಬಾಯಾಗ ತುಂಬೀಯಲ್ಲೋ!” ಎಂದು ಶುರುವಾದ ನಗು ನಿಲ್ಲಲೇ ಇಲ್ಲ, ಹೊಟ್ಟೆ ಹಿಡಿದುಕೊಂಡು, ಕಣ್ಣೀರು ಒರೆಸಿಕೊಂಡು ನಕ್ಕರು. ನಕ್ಕು ಮುಗಿದ ಮೇಲೆ “ಮೊದಲ ದಿನಾನ ಬಿಚ್ಚಿ ನೋಡದ್ದು ನನ್ನ ತಪ್ಪು” ಎಂದು ಅದನ್ನೂ ತಮ್ಮ ಮೇಲೆ ಹಾಕಿಕೊಂಡರು. ರಬ್ಬರಿನಿಂದ ಆ ಸಾಲನ್ನು ಮೆಲ್ಲಗೆ ತಿಕ್ಕಿದರು, ಬ್ರಷ್ಷಿನಿಂದ ಕಾರ್ಡ್ ಕೂರುವ ಗೂಡು ಜಾಡಿಸಿದರು, ಸಿಕ್ಕಿಸಿದರು. ಪಟ್ಟಿಯಲ್ಲಿ ಹೆಸರು ಬಂತು!

ಆದರೂ ದನಿ ಇಲ್ಲ. ಮೈಕಿನ ದಾರಿಗಳೆಲ್ಲ ಮೊದಲಿಗೆ ಮುಚ್ಚಿಯೇ ಇರುತ್ತವಂತೆ, ಒಂದೊಂದನ್ನೇ ತೆರೆದರು. ಆಮೇಲೆ ಚಟಚಟ ಎನ್ನುವ ಸದ್ದು. ಅದನ್ನು ಅಡಗಿಸಲು ಇನ್ನೆರಡು ದಿನ ಬೇಕಾದವು. ಹನ್ನೊಂದನೆಯ ದಿನ ದೊಡ್ಡವ್ವ ತನ್ನ ಗೆಳತಿಯರೊಂದಿಗೆ ಬಂದು ಮೈಕಿನ ಮುಂದೆ ಕುಳಿತಳು. ಸರ್ ತಾವೇ ಕಂಪ್ಯೂಟರಿನ ಹೊರಗಿನ ತಗಡಿಗೆ ವಿಭೂತಿ ಹಚ್ಚಿ, “ಇಲ್ಲೆ ಹಚ್ಚಬೇಕು, ತಿಳೀತಿಲ್ಲೋ?” ಎಂದು ನನ್ನ ಕಡೆ ನೋಡಿದರು. ಸಂಜೆಯೊಳಗೆ ಇಪ್ಪತ್ತಾರು ಪದಗಳಾದವು. ಅವಳು ಉಸಿರೆಳೆದುಕೊಳ್ಳುವುದು ಸಹ ಅದರಲ್ಲಿ ಕೇಳುತ್ತದೆ.

ಆಪರೇಷನ್ ಚೆನ್ನಾಗಿಯೇ ಆಯಿತು. ದೊಡ್ಡವ್ವ ಉಳಿದಳು, ದನಿ ಉಳಿಯಲಿಲ್ಲ. ಮಾತು ಒಣ ಎಲೆ ಎಳೆದಂತೆ ಗೊರಗೊರ. ಆಮೇಲೆ ಯಾರು ಕರೆದರೂ ಹಾಡಲಿಲ್ಲ. ಮದುವೆ ಮನೆಗಳಿಗೆ ನಾನೇ ಸ್ಪೀಕರ್ ಹೊತ್ತು ಹೋಗುತ್ತಿದ್ದೆ. ಅವಳು ಮುಂದೆ ಕುಳಿತು ತನ್ನದೇ ಪದ ಕೇಳುತ್ತಿದ್ದಳು.

ಸರ್ ಹೋದದ್ದು ಎರಡು ವರ್ಷದ ಹಿಂದೆ. ಸಂಪಗಾಂವದ ಅವರ ಮನೆಯ ಪಡಸಾಲೆಯಲ್ಲಿ ಅವರ ದೇಹವನ್ನು ಕೂಡಿಸಿದ್ದರು, ಭಜನೆ ನಡೆದಿತ್ತು. ನಾನು ಅಲ್ಲಿಗೂ ಸ್ಪೀಕರ್ ಒಯ್ದಿದ್ದೆ. ಅವರೇ ಹಿಡಿದಿಟ್ಟ ದನಿ ಅವರ ಮುಂದೆ ಒಮ್ಮೆ ಕೇಳಲಿ ಎಂದು. ಶುರು ಮಾಡುವಷ್ಟರಲ್ಲಿ ಜೊತೆಗೆ ಬಂದಿದ್ದ ದೊಡ್ಡವ್ವ ನನ್ನ ಕೈ ಹಿಡಿದಳು.

“ಬಂದ್ ಮಾಡೋ ತಮ್ಮಾ. ಅದು ಅವರು ನನಗ ಕೊಟ್ಟದ್ದು. ಅವರಿಗಿ ನಾ ಕೊಡಬೇಕಲ್ಲೋ.”

ಅಷ್ಟು ವರ್ಷದ ಮೇಲೆ ಹಾಡಿದಳು. ಆ ಒಡಕು ದನಿಯಲ್ಲೇ. ಅರ್ಧ ಸಾಲಿಗೆ ಉಸಿರು ನಿಲ್ಲುತ್ತಿತ್ತು, ನಡುನಡುವೆ ಬರೀ ಗಾಳಿ... ಭಜನೆಯವರು ತಾಳ ಕೆಳಗಿಟ್ಟು ಕುಳಿತರು. ನನ್ನ ಕಿಸೆಯಲ್ಲಿ ಮೊಬೈಲಿತ್ತು, ಕೈ ಹೋಗಲಿಲ್ಲ. ಅದು ಸರ್‌ಗೆ ಹಾಡಿದ್ದು.

ಈಗ ನನ್ನ ಹತ್ತಿರ ಇರುವುದು ಹೊಸ ಸೌಂಡ್ ಕಾರ್ಡ್. ವೈರ್ ಚುಚ್ಚಿದರೆ ಸಾಕು, ಲಿನಕ್ಸ್ ತಾನೇ ಗುರುತು ಹಿಡಿಯುತ್ತದೆ. ತಿಂಗಳುಗಟ್ಟಲೆ ಏನೂ ಕೆಡುವುದಿಲ್ಲ. ಯಾರನ್ನೂ ಕರೆಯುವ ಕಾರಣವೇ ಇಲ್ಲ. ಆದರೂ ಮುಂಜಾನೆ ಸಂಪಗಾಂವದ ಬಸ್ಸು ಬರುವ ಹೊತ್ತಿಗೆ ಏನಾದರೊಂದು ಕೆಟ್ಟಿರಬಾರದಿತ್ತೇ ಅನ್ನಿಸುತ್ತದೆ.